ಸಂಪಾದಕರ ಉತ್ತರ: ಚಿತ್ರ ರೆಡಿ ಇದ್ದ ಮೇಲೆ ಡಿಸೈನರ್‌ಗೆ ಏನು ಕೆಲಸ?

ವಿರಾಜಪೇಟೆಯ ಓದುಗರೊಬ್ಬರು ಕೇಳಿದ್ದಾರೆ: "ಹುತ್ತರಿ ಕೋಲಾಟದ ದೊಡ್ಡ ಪೇಂಟಿಂಗ್ ಒಂದನ್ನು ಕಲಾವಿದರಿಂದಲೇ ಕೊಂಡಿದ್ದೇನೆ. ಅದನ್ನು ಸ್ಕ್ಯಾನ್ ಮಾಡಿಸಿ, ಮಗ್ ಮತ್ತು ಬಟ್ಟೆ ಚೀಲಗಳ ಮೇಲೆ ಹಾಕಿಸಿ, ಮಡಿಕೇರಿಯ ಅಂಗಡಿಗಳಿಗೆ ಕೊಡೋಣ ಅಂತಿದ್ದೇನೆ. ಡಿಸೈನರ್ ಇದಕ್ಕೂ ಫೀಸ್ ಕೇಳುತ್ತಾರೆ. ಚಿತ್ರ ರೆಡಿ ಇದೆಯಲ್ಲ, ಅವರಿಗೇನು ಕೆಲಸ?"

ಕೆಲಸ ಜಾಸ್ತಿಯೇ ಇದೆ. ಒಂದು ಮಗ್ ಕೈಗೆ ತಗೊಂಡು ನೋಡಿ. ಗೋಡೆಯ ಚಿತ್ರ ಒಂದೇ ನೋಟಕ್ಕೆ ಪೂರ್ತಿ ಸಿಗುತ್ತದೆ. ಮಗ್ ದುಂಡಗಿದೆ, ಒಂದು ಸಲಕ್ಕೆ ಅರ್ಧವೂ ಕಾಣುವುದಿಲ್ಲ. ಹಿಡಿಯ ಹತ್ತಿರ ಪ್ರಿಂಟೇ ಇರುವುದಿಲ್ಲ. ಪೇಂಟಿಂಗನ್ನು ಸುಮ್ನೆ ಸುತ್ತಿದರೆ ಯಾವ ಕಡೆಯಿಂದ ನೋಡಿದರೂ ಅರ್ಧಂಬರ್ಧ. ಒಳ್ಳೆ ಡಿಸೈನರ್ ಆದರೆ ಹಿಂದಿನ ಗುಡ್ಡ, ಮರ, ನೋಡಲು ನಿಂತ ಜನ ಎಲ್ಲ ತೆಗೆದುಬಿಡುತ್ತಾರೆ. ಕುಪ್ಯ, ಅಂದರೆ ಕೊಡವರ ಉದ್ದನೆಯ ಕಪ್ಪು ಅಂಗಿ, ತೊಟ್ಟ ಆಟಗಾರರನ್ನಷ್ಟೇ ಸಾಲಾಗಿ ನಿಲ್ಲಿಸುತ್ತಾರೆ. ಊರ ಬಯಲಾದ ಮಂದ್‌ನಲ್ಲಿ ಸುತ್ತು ಹಾಕುವವರು ಆಗ ಮಗ್‌ನಲ್ಲೂ ಸುತ್ತು ಹಾಕುತ್ತಾರೆ!

ಚೀಲದ ಲೆಕ್ಕ ಬೇರೆ. ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಒಂದೊಂದು ಬಣ್ಣಕ್ಕೆ ಒಂದೊಂದು ಸ್ಕ್ರೀನ್. ಬಣ್ಣ ಹೆಚ್ಚಿದಷ್ಟೂ ಖರ್ಚು. ನಿಮ್ಮ ಚಿತ್ರಕ್ಕೆ ಎರಡೇ ಸಾಕು ಅನಿಸುತ್ತದೆ: ಕುಪ್ಯದ ಕಪ್ಪು, ಸೊಂಟಕ್ಕೆ ಕಟ್ಟುವ ಚೇಲೆಯ ಕೆಂಪು. ಉಳಿದದ್ದು ಬಟ್ಟೆಯ ಬಣ್ಣವೇ.

ಏನು ಬಿಡಬೇಕು ಅನ್ನುವುದಕ್ಕೇ ಡಿಸೈನರ್ ಫೀಸ್ ಕೇಳುವುದು. ತೈಪೆಯ ರಾಷ್ಟ್ರೀಯ ಅರಮನೆ ಮ್ಯೂಸಿಯಂ 2013ರಲ್ಲಿ ಒಂದು ಅಂಟಿಸುವ ಕಾಗದದ ಟೇಪ್ ಮಾರಾಟಕ್ಕೆ ತಂದಿತು. ಚೀನಾದ ಕಾಂಗ್‌ಶಿ ಚಕ್ರವರ್ತಿ ತನಗೆ ಬಂದ ವರದಿಗಳ ಮೇಲೆ 'ನಮಗೆ ಗೊತ್ತಾಯಿತು' ಎಂದು ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದ. ಆ ಕೈಬರಹವನ್ನೇ ಟೇಪಿಗೆ ಹಾಕಿದರು. ಜನ ಮುಗಿಬಿದ್ದು ಕೊಂಡರು. ಅಷ್ಟು ದೊಡ್ಡ ಸಂಗ್ರಹದಿಂದ ಎತ್ತಿದ್ದು ಅಷ್ಟೇ.

ಇನ್ನು ನೀವು ಕೇಳದೇ ಇರುವ ವಿಷಯ. ಪೇಂಟಿಂಗ್ ನಿಮ್ಮದು, ಅದರ ಪ್ರತಿ ಮಾಡುವ ಹಕ್ಕು ನಿಮ್ಮದಲ್ಲ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ, ಬರೆದು ಕೊಡದ ಹೊರತು ಅದು ಕಲಾವಿದರದ್ದೇ. ಅವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಹಾಗಾಗಿ ಡಿಸೈನರ್ ಜೊತೆ ಚೌಕಾಸಿ ಮಾಡುವ ಮೊದಲು ಕಲಾವಿದರ ಮನೆಗೆ ಹೋಗಿ. ಯಾವ ಸಾಮಾನು, ಎಷ್ಟು, ಒಂದಕ್ಕೆ ಅವರಿಗೆಷ್ಟು, ಹೆಸರು ಎಲ್ಲಿ ಬರಬೇಕು, ಎಲ್ಲ ಕಾಗದದ ಮೇಲೆ ಬರಲಿ. ಅವಧಿಯನ್ನೂ ಬರೆಯಿರಿ, ಬರೆಯದಿದ್ದರೆ ಕಾನೂನು 5 ವರ್ಷ ಅಂತ ಹಿಡಿಯುತ್ತದೆ. ಗುಡ್ಡ, ಮರ ತೆಗೆದ ಡಿಸೈನನ್ನೂ ಅವರಿಗೆ ತೋರಿಸಿ. ತಮ್ಮ ಚಿತ್ರ ಕೆಡಿಸಿದರು ಅನಿಸಿದರೆ ಆಕ್ಷೇಪಿಸುವ ಹಕ್ಕೂ ಅವರಿಗಿದೆ.

ಪೋಸ್ಟ್‌ಕಾರ್ಡ್ ಮಾಡಿಸುವ ಆಸೆ ಇದ್ದರೆ ಮಳೆಗಾಲ ಕಳೆಯಲಿ. ಜುಲೈನಲ್ಲಿ ನಮ್ಮ ಕಡೆ ಕಾಗದಕ್ಕೆ ಬೂಷ್ಟು ಹಿಡಿಯಲು ಎಷ್ಟು ದಿನ ಬೇಕು, ನಿಮಗೇ ಗೊತ್ತಲ್ವಾ?

— ಸಂ.