ಬಿಳಿ ಮಕ್ಕಳು, ಕಪ್ಪು ತಾಯಿ

ಅಮೆರಿಕದ ಹಾಸ್ಯಗಾರ ಲೂಯಿ ಸಿ.ಕೆ. ಬರೆದು ನಟಿಸಿದ ‘ಲೂಯಿ’ ಟಿವಿ ಸರಣಿಯಲ್ಲಿ ನಾಯಕ ಲೂಯಿಯ ಮಕ್ಕಳು ಬಿಳಿ, ಅವರ ತಾಯಿ ಕಪ್ಪು ಮಹಿಳೆ, ಇದು ಎಡವಟ್ಟಾ ಎಂದು ಕೇಳಿದ್ದೀರಿ. ಅಲ್ಲ ಮಾರಾಯ್ರೇ, ಬೇಕೆಂದೇ ಮಾಡಿದ್ದು. 2010ರಲ್ಲಿ ಶುರುವಾದ ಸರಣಿಯ ಮೊದಲ ಸೀಸನ್‌ನಲ್ಲೇ ನಟಿ ಏಮಿ ಲ್ಯಾಂಡೆಕರ್ ಒಂದು ಕಂತಿನಲ್ಲಿ ಲೂಯಿಯ ಜೊತೆ ಸುತ್ತಾಡಲು ಬಂದವಳು, ಇನ್ನೊಂದರಲ್ಲಿ ಅವನ ತಾಯಿ! ನಮ್ಮ ಕುಂಬಳೆ ಕಡೆಯ ಬಯಲಾಟದಲ್ಲಿ ರಾತ್ರಿ ಒಂದು ವೇಷ ಮಾಡಿದವರು ಬೆಳಗಿನ ಜಾವ ಇನ್ನೊಂದರಲ್ಲಿ ಬಂದರೆ ಯಾರಾದರೂ ತಕರಾರು ಮಾಡುತ್ತಾರಾ? ಹಾಗೆಯೇ ನೋಡಿ. ಪಾತ್ರದ ಹೆಸರು, ಕಸುಬು ಲೂಯಿ ಸಿ.ಕೆ.ಯದೇ, ಉಳಿದದ್ದು ನೆನಪು, ಕನಸು, ಭಯ.

ಆದರೆ 2017ರಲ್ಲಿ ಮಹಿಳೆಯರು ತನ್ನ ಮೇಲೆ ಹೊರಿಸಿದ ಲೈಂಗಿಕ ದುರ್ವರ್ತನೆಯ ದೂರುಗಳು ನಿಜವೆಂದು ಲೂಯಿ ಸಿ.ಕೆ.ಯೇ ಒಪ್ಪಿದ ಮೇಲೆ, ‘ಎಲ್ಲ ಕಲ್ಪನೆ’ ಎಂಬ ಅಭಿಮಾನಿಗಳ ಮಾತು ನನಗೆ ಸಾಲದು. ನಾಲ್ಕನೇ ಸೀಸನ್‌ನಲ್ಲಿ ಲೂಯಿಯ ಸ್ನೇಹಿತೆ ಪಮೇಲಾ ಹೊರಡುವಾಗ ಅವನು ಬಾಗಿಲಿಗೆ ಅಡ್ಡ ನಿಲ್ಲುತ್ತಾನಲ್ಲ, ಅದನ್ನು ಈಗ ಕಲ್ಪನೆಯೆಂದು ನೋಡಲು ನನ್ನಿಂದಾಗುವುದಿಲ್ಲ.