ಮುಳುಗುವವರ ಬಳಿಗೆ ಬರಿಗೈಲಿ ಹೋಗಬೇಡಿ

ಲೈಫ್‌ಗಾರ್ಡ್ ತರಬೇತಿಯ ಬಗ್ಗೆ ಕರಾವಳಿಯಿಂದಲೂ ಘಟ್ಟದ ಮೇಲಿನಿಂದಲೂ ಬಂದ ಪತ್ರಗಳಲ್ಲಿ ಐದನ್ನು ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಚಿಕ್ಕಂದಿನಿಂದ ಕಾಳಿ ನದಿಯಲ್ಲಿ ಈಜಿ ಬೆಳೆದವನು, ವಯಸ್ಸು 20. ಲೈಫ್‌ಗಾರ್ಡ್ ಆಗಲು ಇಷ್ಟು ಈಜು ಸಾಕೇ? ತರಬೇತಿ ಎಲ್ಲಿ ಸಿಗುತ್ತದೆ?
– ಓದುಗರು, ಕೋಡಿಬಾಗ, ಕಾರವಾರ

ಉತ್ತರ: ಗಡಿಯಾರ ಹಿಡಿದು ಈಜಿ ನೋಡಿದ್ದೀರಾ? ನದಿಯಲ್ಲಿ ನಮ್ಮ ವೇಗ ನಮಗೇ ತಿಳಿಯುವುದಿಲ್ಲ. ಇಳಿತದ ಹೊತ್ತಿಗೆ ಅಳಿವೆಯ ಕಡೆ ಈಜಿದರೆ ಅರ್ಧ ಕೆಲಸ ನೀರೇ ಮಾಡಿಕೊಡುತ್ತದೆ. 25 ಮೀಟರಿನ ಈಜುಕೊಳದಲ್ಲಿ ಈ ತುದಿಯಿಂದ ಆ ತುದಿಗೆ 16 ಸಲ, ಅಂದರೆ 400 ಮೀಟರ್, ನಿಲ್ಲದೆ ಈಜಿ. ಆಸ್ಟ್ರೇಲಿಯಾದ ಕಡಲತೀರ ಜೀವರಕ್ಷಕರ 'ಬ್ರಾಂಜ್ ಮೆಡಾಲಿಯನ್' ಪರೀಕ್ಷೆಯಲ್ಲಿ ಇದಕ್ಕೆ 9 ನಿಮಿಷ ಕೊಡುತ್ತಾರೆ. ಬ್ರಿಟನ್ನಿನ ಬೀಚ್ ಲೈಫ್‌ಗಾರ್ಡ್‌ಗಳಿಗೆ ಏಳೂವರೆ ನಿಮಿಷ. ಮೊದಲು ಪ್ರತಿ 25 ಮೀಟರನ್ನು 33 ಸೆಕೆಂಡಿನಲ್ಲಿ ಮುಗಿಸುವುದನ್ನು ರೂಢಿಸಿಕೊಳ್ಳಿ, ಆಮೇಲೆ 28ಕ್ಕೆ ಇಳಿಸಿ. ಅದು ಕೈಗೂಡಿದ ಮೇಲೆ ಟ್ಯಾಗೋರ್ ಕಡಲತೀರದಲ್ಲಿ, ಸಮುದ್ರ ಶಾಂತವಿರುವ ದಿನ, ಜೊತೆಗೊಬ್ಬರನ್ನು ಇಟ್ಟುಕೊಂಡು 200 ಮೀಟರ್ ಓಟ, 200 ಮೀಟರ್ ಈಜು, ಮತ್ತೆ 200 ಮೀಟರ್ ಓಟ. ಮೂರೂ ಸೇರಿ 8 ನಿಮಿಷದೊಳಗೆ ಆಗಬೇಕು. ಈಜಿನಿಂದ ಎದ್ದು ಮರಳಿನ ಮೇಲೆ ಓಡುವಾಗ ಕಾಲು ಕಟ್ಟಿದಂತಾಗುತ್ತದೆ. ಬಹಳ ಜನ ಸೋಲುವುದು ಅಲ್ಲೇ.

ನದಿಯಲ್ಲಿ ಕಲಿತವರಲ್ಲಿ ಸಾಮಾನ್ಯವಾಗಿ ಕಾಣುವ ದೋಷವೆಂದರೆ ಉದ್ದಕ್ಕೂ ತಲೆ ಎತ್ತಿಕೊಂಡೇ ಈಜುವುದು. ತಲೆ ಮೇಲೆದ್ದರೆ ಸೊಂಟ ಕೆಳಗಿಳಿಯುತ್ತದೆ, 150 ಮೀಟರಿಗೇ ಉಸಿರು ಸೋಲುತ್ತದೆ. ಮುಖ ನೀರಿನಲ್ಲಿಟ್ಟು ಈಜಿ, ಐದಾರು ಕೈ ಹಾಕಿದ ಮೇಲೊಮ್ಮೆ ಕಣ್ಣು ಮಾತ್ರ ಮೇಲೆತ್ತಿ ಗುರಿ ನೋಡಿಕೊಳ್ಳಿ. ಕೊನೆಯ ಹತ್ತು-ಹದಿನೈದು ಮೀಟರ್ ಮಾತ್ರ ಪೂರ್ತಿ ತಲೆ ಎತ್ತಿ, ಮುಳುಗುವವರ ಮೇಲಿನ ಕಣ್ಣು ಕೀಳದೆ ಹೋಗಬೇಕು.

ನಿಮಗೆ ಹತ್ತಿರವಿರುವುದು ಗೋವಾದ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಅಡಿಯಲ್ಲಿರುವ ಈ ಸಂಸ್ಥೆ ಜೀವರಕ್ಷಣೆಯ ಕೋರ್ಸುಗಳನ್ನು ನಡೆಸುತ್ತದೆ. ಪುಣೆಯ ರಾಷ್ಟ್ರೀಯ ಲೈಫ್ ಸೇವಿಂಗ್ ಸೊಸೈಟಿಯನ್ನೂ ವಿಚಾರಿಸಿ. ಕೊಳದ ಪ್ರಮಾಣಪತ್ರ ಬೇರೆ, ಕಡಲಿನದು ಬೇರೆ. ದುಡ್ಡು ಕಟ್ಟುವ ಮುಂಚೆ ಯಾವುದೆಂದು ಕೇಳಿಕೊಳ್ಳಿ. ಪ್ರಮಾಣಪತ್ರ ಸಿಕ್ಕಿತೆಂದು ಕೈಕಟ್ಟಿ ಕೂರುವಂತಿಲ್ಲ. ಅಭ್ಯಾಸ ಬಿಟ್ಟರೆ ಸಿಪಿಆರ್‌ನ (ಎದೆ ಒತ್ತಿ, ಬಾಯಿಂದ ಉಸಿರು ಕೊಡುವ ಕ್ರಮದ) ಕೈಪಳಗು ಮೂರರಿಂದ ಆರು ತಿಂಗಳಲ್ಲೇ ಮಂಕಾಗುತ್ತದೆ.

ಪ್ರಶ್ನೆ: ಮುಳುಗುವವರು ಕುತ್ತಿಗೆಗೇ ಜೋತುಬೀಳುತ್ತಾರಲ್ಲ, ತರಬೇತಿಯಲ್ಲಿ ಅದಕ್ಕೇನು ಕಲಿಸುತ್ತಾರೆ?
– ಕಡಲತೀರದ ಅಂಗಡಿಯವರು, ಗೋಕರ್ಣ

ಉತ್ತರ: ಕೈಗೆ ಸಿಗದಂತೆ ಇರುವುದನ್ನೇ ಮೊದಲು ಕಲಿಸುತ್ತಾರೆ. ಅದಕ್ಕೆ ಬೇಕಾದದ್ದು ರೆಸ್ಕ್ಯೂ ಟ್ಯೂಬ್. ತೋಳಿಗಿಂತ ಉದ್ದದ ಮೆತ್ತನೆಯ ಫೋಮ್ ಪಟ್ಟಿ, ಅದಕ್ಕೆ ಸುಮಾರು 2 ಮೀಟರ್ ಹಗ್ಗ, ಹಗ್ಗದ ತುದಿಯಲ್ಲಿ ಹೆಗಲಿಗೆ ಅಡ್ಡ ಹಾಕಿಕೊಳ್ಳುವ ಬೆಲ್ಟ್. ಓಡುವಾಗ ಹಗ್ಗವನ್ನು ಸುತ್ತಿ ಟ್ಯೂಬಿನ ಜೊತೆ ಕಂಕುಳಲ್ಲಿ ಹಿಡಿದುಕೊಳ್ಳಿ. ಮರಳ ಮೇಲೆ ಎಳೆದುಕೊಂಡು ಓಡಿದರೆ ಕಾಲಿಗೆ ತೊಡರಿ ಮುಗ್ಗರಿಸುತ್ತೀರಿ. ಸೊಂಟದ ನೀರಿಗೆ ಬಂದ ಮೇಲೆ ಹಿಂದಕ್ಕೆ ಬಿಡಿ.

ಎರಡು-ಮೂರು ಮೀಟರ್ ದೂರದಲ್ಲೇ ನಿಂತುಬಿಡಿ. ಟ್ಯೂಬನ್ನು ಹಿಂದಿನಿಂದ ಮುಂದಕ್ಕೆ ಎಳೆದು, ಅವರ ಎದೆಯ ಕಡೆ ತಳ್ಳಿ, 'ಅಪ್ಪಿಕೊಳ್ಳಿ' ಎಂದು ಗಟ್ಟಿಯಾಗಿ ಹೇಳಿ. ಅಪ್ಪಿಕೊಂಡು ಉಸಿರು ಸಿಕ್ಕ ಮೇಲೆ ಹಿಂಬದಿಗೆ ಹೋಗಿ ಟ್ಯೂಬನ್ನು ಅವರ ಮೈಸುತ್ತ ಬಳಸಿ ಕ್ಲಿಪ್ ಹಾಕಿ, ಎಳೆಯಿರಿ. ಇಷ್ಟಾಗಿಯೂ ಅವರು ನಿಮ್ಮನ್ನು ಹಿಡಿದರೆ ಗದ್ದವನ್ನು ಎದೆಗೆ ಒತ್ತಿಕೊಂಡು ನೀರಿನೊಳಗೆ ಇಳಿಯಿರಿ. ಅವರಿಗೆ ಬೇಕಾದದ್ದು ನೀವಲ್ಲ, ಮೇಲಿನ ಗಾಳಿ; ಕೈ ತಾನಾಗಿ ಸಡಿಲುತ್ತದೆ.

ನಿಮ್ಮ ಅಂಗಡಿಯಲ್ಲಿ ಟ್ಯೂಬ್ ಇರುವುದಿಲ್ಲ, 5 ಲೀಟರಿನ ಖಾಲಿ ಎಣ್ಣೆ ಕ್ಯಾನ್ ಇದ್ದೇ ಇರುತ್ತದೆ. ಮುಚ್ಚಳ ಬಿಗಿದರೆ ಸುಮಾರು 5 ಕಿಲೋ ಭಾರವನ್ನು ತೇಲಿಸುತ್ತದೆ. ಬಾಯಿ-ಮೂಗು ನೀರಿನ ಮೇಲಿರಲು ಅಷ್ಟು ಸಾಕು. ಹಿಡಿಕೆಗೆ ಹಗ್ಗ ಕಟ್ಟಿ ಕಂಬಕ್ಕೆ ತೂಗುಹಾಕಿಡಿ, ದಡದಿಂದಲೇ ಎಸೆಯಬಹುದು. ಬಲೆಯ ಬೆಂಡುಗಳ ಗೊಂಚಲೂ ಆದೀತು.

ಇನ್ನೊಂದು ಮಾತು. ನಿಜವಾಗಿ ಮುಳುಗುವವರು ಸಾಮಾನ್ಯವಾಗಿ ಕೂಗುವುದಿಲ್ಲ, ಕೈ ಬೀಸುವುದೂ ಇಲ್ಲ. ತಲೆ ಹಿಂದಕ್ಕೆ ವಾಲಿ, ಬಾಯಿ ನೀರಿನ ಮಟ್ಟದಲ್ಲಿ ಮುಳುಗಿ ಏಳುತ್ತಿರುತ್ತದೆ, ಕೈಗಳು ಪಕ್ಕಕ್ಕೆ ಚಾಚಿ ನೀರನ್ನು ಕೆಳಕ್ಕೆ ಒತ್ತುತ್ತಿರುತ್ತವೆ. ಹೀಗೆ ಇರಬಲ್ಲುದು 20ರಿಂದ 60 ಸೆಕೆಂಡು ಮಾತ್ರ. ಆಟವಾಡುತ್ತಿದ್ದಾರೆಂದು ನೋಡುತ್ತಾ ನಿಂತವರು ಕಡಿಮೆಯಿಲ್ಲ.

ಪ್ರಶ್ನೆ: ಹೆಣ್ಣುಮಕ್ಕಳಿಂದ ಈ ಕೆಲಸ ಆಗುತ್ತದೆಯೇ? ನನ್ನ ತೂಕ 48 ಕಿಲೋ.
– ಓದುಗರು, ಅಂಕೋಲಾ

ಉತ್ತರ: ಆಗುತ್ತದೆ. ನೀರಿನಲ್ಲಿ ಭಾರ ಹೊರುವುದು ಟ್ಯೂಬು, ನೀವು ಎಳೆದರೆ ಸಾಕು. ಮಂಡಿಮಟ್ಟದ ನೀರಿನಿಂದ ಮರಳಿಗೆ ಎತ್ತಿ ತರುವುದು ಮಾತ್ರ ಕಷ್ಟ, ಅದಕ್ಕೆ ಗಂಡಸರಿಗೂ ಎರಡನೆಯವರು ಬೇಕು.

ಪ್ರಶ್ನೆ: ಅಲೆ ಇಲ್ಲದ ಶಾಂತ ಜಾಗದಲ್ಲೇ ಪ್ರವಾಸಿಗರು ಕೊಚ್ಚಿಹೋಗುವುದೇಕೆ?
– ಓದುಗರು, ಮುರ್ಡೇಶ್ವರ

ಉತ್ತರ: ದಡಕ್ಕೆ ಬಂದ ಅಲೆಯ ನೀರು ಹಿಂದಿರುಗಲು ಮರಳದಿಬ್ಬಗಳ ನಡುವೆ ಓಣಿ ಮಾಡಿಕೊಳ್ಳುತ್ತದೆ. ಓಣಿ ಆಳವಾಗಿರುವುದರಿಂದ ಅಲ್ಲಿ ಅಲೆ ಒಡೆಯುವುದಿಲ್ಲ, ನೀರು ಕಪ್ಪಗೆ ಕಾಣುತ್ತದೆ, ನೊರೆ ಸಮುದ್ರದ ಕಡೆ ಸಾಗುತ್ತಿರುತ್ತದೆ. ಇದೇ ರಿಪ್ ಸೆಳೆತ. ಜೋರಿದ್ದಾಗ ಸೆಕೆಂಡಿಗೆ 2 ಮೀಟರ್ ಎಳೆಯುತ್ತದೆ, ಒಲಿಂಪಿಕ್ ಈಜುಗಾರನೂ ಅದಕ್ಕೆದುರಾಗಿ ಈಜಿದರೆ ಇದ್ದಲ್ಲೇ ಇರುತ್ತಾನೆ. ಸಿಕ್ಕಿಬಿದ್ದವರು ತೇಲುತ್ತಾ ಕೈ ಎತ್ತಲಿ. ಶಕ್ತಿಯಿದ್ದರೆ ದಡಕ್ಕೆ ಸಮಾನಾಂತರವಾಗಿ, ಅಲೆ ಒಡೆಯುವ ಕಡೆಗೆ ಈಜಲಿ. ಲೈಫ್‌ಗಾರ್ಡ್ ಮಾತ್ರ ಬೇಕೆಂದೇ ಆ ಓಣಿಯಲ್ಲಿ ಇಳಿಯುತ್ತಾನೆ, ಬೇಗ ತಲುಪಬಹುದಲ್ಲ! ಮರಳುವುದು ಪಕ್ಕದ ದಿಬ್ಬದ ಮೇಲಿಂದ, ಅಲೆಯ ತಳ್ಳು ಸಿಗುವಲ್ಲಿ. ಕೆಂಪು-ಹಳದಿ ಬಾವುಟಗಳ ನಡುವೆ ಈಜಬಹುದು, ಬರೀ ಕೆಂಪು ಇದ್ದರೆ ಇಳಿಯಬಾರದು. ಮಳೆಗಾಲದಲ್ಲಂತೂ ನೀರಿಗಿಳಿಯುವ ಪ್ರಶ್ನೆಯೇ ಇಲ್ಲ.

ಪ್ರಶ್ನೆ: ಶಾಲ್ಮಲೆಯ ಗುಂಡಿಗಳಲ್ಲಿ, ಜಲಪಾತಗಳ ಬುಡದಲ್ಲಿ ಕಡಲ ತರಬೇತಿ ಸಾಕಾಗುತ್ತದೆಯೇ? ನೀರು ಕುಡಿದವರನ್ನು ತಲೆಕೆಳಗೆ ಮಾಡಿ ತಿರುಗಿಸುವುದು ಸರಿಯೇ?
– ಯುವಕ ಸಂಘದವರು, ಶಿರಸಿ

ಉತ್ತರ: ಸಾಲದು. ಜಲಪಾತದ ಬುಡದಲ್ಲಿ ನೀರು ಮಗುಚಿ ಮತ್ತೆ ಧಾರೆಯ ಕಡೆಗೇ ಎಳೆಯುತ್ತದೆ, ಈಜಿಕೊಂಡು ಹೋದವರೂ ಅದರೊಳಗೇ ಸಿಗುತ್ತಾರೆ. ಅಲ್ಲಿ ಬೇಕಾದದ್ದು ಎಸೆಯುವ ಚೀಲ: ಒಳಗೆ ತೇಲುವ ಹಗ್ಗ 15ರಿಂದ 20 ಮೀಟರ್, ಸುತ್ತಿಡದೆ ಸುಮ್ಮನೆ ತುರುಕಿದ್ದು. ಸುತ್ತಿಟ್ಟರೆ ಗಂಟುಬೀಳುತ್ತದೆ. ಹಗ್ಗದ ತುದಿ ನಿಮ್ಮ ಕೈಯಲ್ಲಿರಲಿ. 'ಹಗ್ಗ' ಎಂದು ಕೂಗಿ, ಚೀಲ ಅವರ ತಲೆಯನ್ನು ದಾಟಿ ಬೀಳುವಂತೆ ಎಸೆಯಿರಿ. ಸಿಕ್ಕೊಡನೆ ಬಂಡೆಯ ಹಿಂದೆ ಕಾಲೂರಿ ಕೂತುಬಿಡಿ. ಹರಿವೇ ಅವರನ್ನು ದಡಕ್ಕೆ ತೂಗಿ ತರುತ್ತದೆ. ಹಗ್ಗವನ್ನು ಸೊಂಟಕ್ಕೆ ಗಂಟುಹಾಕಿಕೊಂಡು ಹಾರುವ ಸಾಹಸ ಬೇಡ. ಬಿಗಿಯಾದ ಹಗ್ಗ ಹರಿವಿನಲ್ಲಿ ನಿಮ್ಮನ್ನೇ ಅಡಿಗೆ ಒತ್ತುತ್ತದೆ.

ತಿರುಗಿಸುವುದು, ಹೊಟ್ಟೆ ಒತ್ತುವುದು ಎರಡೂ ತಪ್ಪು. ಹೊಟ್ಟೆಯದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯುತ್ತದೆ, ಅಷ್ಟು ಹೊತ್ತು ಉಸಿರೂ ಇಲ್ಲ. ಅಂಗಾತ ಮಲಗಿಸಿ, ಗದ್ದ ಎತ್ತಿ, ಸಹಜ ಉಸಿರಿಲ್ಲದಿದ್ದರೆ ಮೂಗು ಮುಚ್ಚಿ ಬಾಯಿಂದ ಐದು ಉಸಿರು ಕೊಡಿ. ಮುಳುಗಿದವರಲ್ಲಿ ಮೊದಲು ತೀರುವುದು ಆಮ್ಲಜನಕ, ಆದ್ದರಿಂದ ಉಸಿರೇ ಮೊದಲು. (ಕೆಲವು ಕೋರ್ಸುಗಳಲ್ಲಿ ಎರಡು ಎನ್ನುತ್ತಾರೆ, ನಿಮಗೆ ಕಲಿಸಿದಂತೆಯೇ ಮಾಡಿ.) ನಂತರ ಎದೆಯ ನಡುವೆ 5-6 ಸೆಂಟಿಮೀಟರ್ ಇಳಿಯುವಂತೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ 30 ಒತ್ತು, ಎರಡು ಉಸಿರು; ಹೀಗೇ ಮುಂದುವರಿಸಿ. ಬಾಯಿಂದ ನೊರೆ ಬರುತ್ತಲೇ ಇರುತ್ತದೆ, ಒರೆಸುತ್ತಾ ಕೂರಬೇಡಿ. ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಎದ್ದು ಕೂತು 'ಏನೂ ಆಗಿಲ್ಲ' ಎಂದರೂ ಕೆಮ್ಮು ಇದ್ದರೆ ಅದೇ ಗಾಡಿಯಲ್ಲಿ ಆಸ್ಪತ್ರೆಗೆ ಕಳಿಸಿ.