ಸ್ಕ್ರಿಪ್ಟ್ ಇಲ್ಲದೆ ನಾಟಕ ಮಾಡಿಸಿ ಯೂತ್‌ಗೆ ಕ್ಷಮೆಯ ಬಗ್ಗೆ ಹೇಳಿಕೊಡೋಕೆ ಆಗುತ್ತಾ?

ಆಗುತ್ತದೆ. ಬರೆದುಕೊಟ್ಟ ನಾಟಕಕ್ಕಿಂತ ಚೆನ್ನಾಗಿಯೇ ಆಗುತ್ತದೆ. ಆದರೆ "ಕ್ಷಮಿಸಿದೆ" ಅನ್ನೋ ಮಾತು ಬೇಗ ಬರದಂತೆ ನೋಡಿಕೊಳ್ಳಿ. ಕೋಲಾರದಲ್ಲಿ ನಮ್ಮ ಚರ್ಚ್ ಸಭೆಯ ಯೂತ್ ಜೊತೆ ನಾನು ಇದನ್ನು ಮಾಡಿಸುತ್ತೇನೆ. ಮೊದಮೊದಲು ಎರಡೇ ನಿಮಿಷಕ್ಕೆ ಇಬ್ಬರೂ ತಬ್ಬಿಕೊಂಡು ಆಮೆನ್ ಅಂದುಬಿಡುತ್ತಿದ್ದರು. ಸಂಡೇ ಸ್ಕೂಲ್‌ನಲ್ಲಿ ಬೆಳೆದ ಮಕ್ಕಳಲ್ವಾ, ಸರಿ ಉತ್ತರ ಯಾವುದು ಅಂತ ಮೊದಲೇ ಗೊತ್ತು.

ಬೈಬಲ್‌ನ ಮತ್ತಾಯ 18ರ ಸಾಲದ ಕಥೆಯಿಂದ ಶುರು ಮಾಡಿ: ರಾಜ ಒಬ್ಬ ಆಳಿನ ದೊಡ್ಡ ಸಾಲ ಮನ್ನಾ ಮಾಡುತ್ತಾನೆ, ಅದೇ ಆಳು ಜೊತೆಯ ಆಳಿನ ಚಿಕ್ಕ ಸಾಲ ಬಿಡುವುದಿಲ್ಲ. ಆ ಆಳು ರಾಜನಿಗೆ ಕೊಡಬೇಕಾದದ್ದು 10,000 ತಲಾಂತು, ಅವನಿಗೆ ಜೊತೆಯ ಆಳು ಕೊಡಬೇಕಾದದ್ದು 100 ಬೆಳ್ಳಿ ನಾಣ್ಯ. ಒಂದು ನಾಣ್ಯ ಅಂದರೆ ಆಗಿನ ಒಂದು ದಿನದ ಕೂಲಿ, ಒಂದು ತಲಾಂತು ಅಂದರೆ ಅಂಥ ಸುಮಾರು 6,000 ನಾಣ್ಯ. ಇದನ್ನು ನಮ್ಮ ಟೊಮೆಟೊ ಮಂಡಿಯ ಲೆಕ್ಕಕ್ಕೆ ಇಳಿಸಿ, ಕೂಲಿ ದಿನಕ್ಕೆ 500 ರೂಪಾಯಿ ಅಂತಲೇ ಇಟ್ಟುಕೊಳ್ಳಿ, ದೊಡ್ಡ ಸಾಲ 3,000 ಕೋಟಿ, ಚಿಕ್ಕದು 50,000. ಕೋಟಿ ಕೇಳಿದಾಗ ಎಲ್ಲರೂ ನಗುತ್ತಾರೆ. 50,000ಕ್ಕೆ ಯಾರೂ ನಗುವುದಿಲ್ಲ. ಬಾಕ್ಸ್ ಹೊರುವವನಿಗೆ ಅದು ಮೂರು ತಿಂಗಳಿಗೂ ಜಾಸ್ತಿ ದುಡಿಮೆ. ಚಿಕ್ಕ ಸಾಲವೂ ನಿಜವಾದ ಸಾಲವೇ ಅಂತ ಅವರಿಗೆ ತಟ್ಟಬೇಕು, ಏನೂ ಆಗಿಲ್ಲ ಅನ್ನುವುದು ಕ್ಷಮೆಯಲ್ಲ.

ಆಮೇಲೆ ದೃಶ್ಯ ಇಷ್ಟೇ ಕೊಡಿ: ದುಡ್ಡು ಇಸ್ಕೊಂಡು ಫೋನ್ ಎತ್ತದ ಸ್ನೇಹಿತ ಹೊಸ ಬೈಕಲ್ಲಿ ಟೀ ಅಂಗಡಿಗೆ ಬಂದಿದ್ದಾನೆ. ಮಾತು ಅವರದ್ದೇ. ನೋಡುತ್ತಿರುವವರಲ್ಲಿ ಯಾರು ಬೇಕಾದರೂ "ನಿಲ್ಸಿ" ಅಂತ ಕೂಗಿ ಅವರಲ್ಲಿ ಒಬ್ಬರ ಪಾತ್ರಕ್ಕೆ ತಾವೇ ಇಳಿಯಬಹುದು. ಇದು ಬ್ರೆಜಿಲ್‌ನ ಆಗಸ್ಟೊ ಬೋಲ್ ತಮ್ಮ ನಾಟಕಗಳಲ್ಲಿ ಬಳಸಿದ ಉಪಾಯ, ನನ್ನದೇನಲ್ಲ. ಕೊನೆಗೆ ಸಾಲ ಕೊಟ್ಟವನು, ತಗೊಂಡವನು ಪಾತ್ರ ಬದಲಾಯಿಸಲಿ.

ನಾನು ಮಾಡಿದ ಒಂದು ತಪ್ಪು ನೀವು ಮಾಡಬೇಡಿ. ಒಂದ್ಸಲ ಸುಮ್ನೆ "ನಿಮ್ಮ ಜೀವನದ್ದೇ ಏನಾದರೂ ಮಾಡಿ" ಅಂದುಬಿಟ್ಟೆ. ಒಬ್ಬ ಹುಡುಗ ಅಪ್ಪನ ಕುಡಿತದ ಕಥೆ ಶುರು ಮಾಡಿ ಅರ್ಧಕ್ಕೇ ನಿಂತ, ಉಳಿದವರೆಲ್ಲ ನೆಲ ನೋಡುತ್ತಾ ಕೂತರು. ಈಗ ಕಟ್ಟುಕಥೆ ಮಾತ್ರ. ಮನೆಯಲ್ಲಿ ಹೊಡೆತ, ಕಿರುಕುಳ ಅಂತೇನಾದರೂ ಹೊರಬಂದರೆ ಅಲ್ಲಿ ಕ್ಷಮೆಯ ಪಾಠ ಬೇಡವೇ ಬೇಡ. ಪಕ್ಕಕ್ಕೆ ಕರೆದು ಕೇಳಿಸಿಕೊಳ್ಳಿ, 18 ತುಂಬದವರಾದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ಲೂಕ 15ರ ತಪ್ಪಿಹೋದ ಮಗನ ಕಥೆಯೂ ಮಾಡಿಸಿ, ಆದರೆ ತಮ್ಮನದ್ದಲ್ಲ, ದುಡ್ಡೆಲ್ಲ ಹಾಳುಮಾಡಿ ವಾಪಸ್ ಬಂದ ತಮ್ಮನಿಗೆ ಅಪ್ಪ ಹಬ್ಬದೂಟ ಮಾಡಿಸಿದ್ದಕ್ಕೆ ಹೊರಗೆ ಸಿಟ್ಟು ಮಾಡಿಕೊಂಡು ನಿಂತ ಅಣ್ಣನದ್ದು. ನಮ್ಮಲ್ಲಿ ಒಬ್ಬ ಹುಡುಗಿ ಅಣ್ಣನ ಪಾತ್ರ ಮಾಡಿದಳು. ಅಪ್ಪ ಎಷ್ಟು ಕರೆದರೂ ತಿರುಗಿಯೂ ನೋಡಲಿಲ್ಲ. ಕೊನೆಗೆ "ನಾನು ಊಟ ಮಾಡಿದ್ನಾ ಅಂತ ಯಾರಾದರೂ ಕೇಳಿದ್ರಾ?" ಅಂದಳು. ಅಪ್ಪನಾಗಿದ್ದ ಹುಡುಗನಿಗೆ ಮಾತೇ ಹೊರಡಲಿಲ್ಲ. ಹೋಗಿ ಒಂದು ಲೋಟ ನೀರು ತಂದು ಹಿಡಿದ. ಅವಳು ನೀರು ಕುಡಿದಳು, ಲೋಟ ವಾಪಸ್ ಕೊಟ್ಟಳು, ಒಳಗೆ ಮಾತ್ರ ಹೋಗಲಿಲ್ಲ. ಅಲ್ಲಿಗೇ ನಿಲ್ಲಿಸಿದೆ. ಹಿಂದೆ ಕೂತಿದ್ದ ನಮ್ಮ ಪಾಸ್ಟರ್ ಅಯ್ಯನವರು "ಒಳಗೆ ಕಳಿಸಬಾರದಿತ್ತಾ?" ಅಂದರು. ಲೂಕನೂ ಕಳಿಸಿಲ್ಲವಲ್ಲ ಅಯ್ಯನವರೇ, ಅಂದೆ.